ಸತ್ಯನಿಷ್ಠೆಯನ್ನು ಕಲಿಸಬಹುದೆ?

ಸತ್ಯವಂತಿಕೆಯನ್ನು ಪಾಠ ಹೇಳಿ ಕಲಿಸಬಹುದೆ ಎಂಬುದು ಬಹು ಹಳೆಯ ಪ್ರಶ್ನೆ. ಸಂಶೋಧಕರ ಮಟ್ಟಿಗೆ, ಕಲಿಸಬಹುದೆಂದೇ ನಮ್ಮ ಸರಕಾರ ತೀರ್ಮಾನಿಸಿದಂತೆ ತೋರುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ಕೃತಿಚೌರ್ಯವನ್ನು ತಡೆಯುವ ನಿಯಮಗಳನ್ನು ಹೊರಡಿಸಿತು. ಪ್ರಬಂಧದಲ್ಲಿ ಪರರ ಬರಹದ ಹೋಲಿಕೆ ಶೇಕಡಾ 10ರ ಒಳಗಿದ್ದರೆ ದಂಡವಿಲ್ಲ. 60ನ್ನು ಮೀರಿದರೆ ನೋಂದಣಿಯೇ ರದ್ದು. ಮರುವರ್ಷ, ಪಿಎಚ್.ಡಿ. ವಿದ್ಯಾರ್ಥಿಗಳೆಲ್ಲ 30 ಗಂಟೆಗಳ ಸಂಶೋಧನ ನೀತಿಯ ಪಾಠವನ್ನು ಕೇಳತಕ್ಕದ್ದೆಂದೂ ಗೊತ್ತುಮಾಡಿತು. ಒಳ್ಳೆಯದೇ ಆಯಿತು. ಆದರೆ ಪಾಠ ಕೇಳಿದ ಮಾತ್ರಕ್ಕೆ ಮನುಷ್ಯ ಸತ್ಯವಂತನಾಗುವುದಿದ್ದರೆ, ವರ್ಷವರ್ಷವೂ ಪುರಾಣ ಹೇಳಿಸುವ ಊರುಗಳಲ್ಲಿ ಕಳ್ಳರೇ ಇರಬಾರದಿತ್ತು.

ಸಂಶೋಧಕನೊಬ್ಬ ಎರಡು ಅಂಕೆಗಳನ್ನು ತಿದ್ದಿದರೆ, ಮಾಡಬೇಕಾದ ಒಂದು ಪರೀಕ್ಷೆಯನ್ನು ಮಾಡದೆ ಬಿಟ್ಟರೆ, ಯಾರ ಗಂಟು ಹೋಯಿತು ಎಂದು ಕೇಳುವವರುಂಟು. ಗಂಟು ಯಾರದೆಂದು ತಿಳಿಯಬೇಕಾದರೆ ಗ್ರಂಥಾಲಯವನ್ನು ಬಿಟ್ಟು ಹೊಲಕ್ಕೆ ಹೋಗಬೇಕು. ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೋಗುವ ರೈಲು ಕುಂದಗೋಳವನ್ನು ದಾಟಿದ ಮೇಲೆ ಸಂಶಿ ಸಿಗುತ್ತದೆ. ಎರೆಮಣ್ಣಿನ ಊರು, ಸುತ್ತಲೂ ಹತ್ತಿ, ಮೆಣಸಿನಕಾಯಿಗಳ ಸೀಮೆ. ಇಂಥ ಊರಿನ ಒಕ್ಕಲಿಗನಿಗೆ ಧಾರವಾಡದ ಕೃಷಿ ಸಂಶೋಧನೆಯ ಮೇಲೆ ಭರವಸೆ ಇದ್ದರೆ ಅದು ಸುಮ್ಮನೆ ಬಂದದ್ದಲ್ಲ. 1972ರಲ್ಲಿ ಹೊರಬಂದ 'ವರಲಕ್ಷ್ಮಿ' ಸಂಕರಣ ಹತ್ತಿ ಧಾರವಾಡದಲ್ಲಿ ಹುಟ್ಟಿದ್ದು. ಅದರ ಹೆಸರು ದೇಶದಲ್ಲೆಲ್ಲ ಹಬ್ಬಿತು.

ಅದೇ ಧಾರವಾಡದ ಕೃಷಿ ವಿಶ್ವವಿದ್ಯಾಲಯವು ನಾಗಪುರ ಮತ್ತು ದೆಹಲಿಯ ಸರಕಾರಿ ಸಂಸ್ಥೆಗಳೊಡನೆ ಸೇರಿ 'ಬಿಕಾನೇರಿ ನರ್ಮಾ' ಎಂಬ ಬಿಟಿ ಹತ್ತಿಯನ್ನು ಸಿದ್ಧಪಡಿಸಿತು. ಕಂಪನಿಗಳ ಸಂಕರಣ ಬೀಜವನ್ನು ರೈತ ಪ್ರತಿವರ್ಷವೂ ದುಡ್ಡು ಕೊಟ್ಟು ತರಬೇಕು. ಇದಾದರೋ ಬೆಳೆಯಿಂದಲೇ ಬೀಜ ಉಳಿಸಿಕೊಂಡು ಮತ್ತೆ ಬಿತ್ತಬಹುದಾದ ತಳಿ. 2008ರಲ್ಲಿ ಒಪ್ಪಿಗೆ ದೊರೆತು, 2009ರಲ್ಲಿ ಬೀಜ ಮಾರಾಟಕ್ಕೂ ಬಂತು. ಸ್ವಲ್ಪ ಕಾಲದಲ್ಲೇ ಮಾರಾಟ ನಿಂತುಹೋಯಿತು. ಆ ಬೀಜದಲ್ಲಿ ಇದ್ದದ್ದು ವಿದೇಶಿ ಕಂಪನಿಯಾದ ಮಾನ್‌ಸ್ಯಾಂಟೊದ 'ಮಾನ್ 531' ಎಂದು ಬಯಲಾಗಿತ್ತು. ಎಸ್. ಕೆ. ಸೋಪೋರಿಯವರ ಅಧ್ಯಕ್ಷತೆಯ ಸಮಿತಿ 2012ರಲ್ಲಿ ವರದಿ ಕೊಟ್ಟು, ಕೆಲಸ ನಡೆದ ಕ್ರಮದಲ್ಲಿದ್ದ ಲೋಪಗಳನ್ನು ಎತ್ತಿತೋರಿಸಿತು. ಅದು ಬೇಕೆಂದು ಮಾಡಿದ್ದೊ, ಅಜಾಗರೂಕತೆಯೊ ಎಂಬ ತರ್ಕ ಇಲ್ಲಿ ಬೇಡ. ಬೀಜವನ್ನು ಸ್ವಂತವಾಗಿ ಉಳಿಸಿಕೊಳ್ಳಬಹುದೆಂಬ ಬಡ ರೈತನ ಆಸೆ ಆ ಬೀಜದೊಡನೆಯೇ ಹೋಯಿತು ಎಂಬುದಂತೂ ನಿರ್ವಿವಾದ. ಗಂಟು ಹೋದದ್ದು ಅವನದು.

ಹಾಗಾದರೆ ಈ ಎಚ್ಚರವನ್ನು ಕಲಿಸುವವರು ಯಾರು? ಸಂಶಿಗೆ ನೆರೆಯ ಕುಂದಗೋಳದಲ್ಲಿ ಸವಾಯಿ ಗಂಧರ್ವರು (1886-1952) ಪಾಠ ಹೇಳಿದರು. ಭೀಮಸೇನ ಜೋಶಿಯವರು ಅವರ ಮನೆಯಲ್ಲಿದ್ದು ಕಲಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತರು. ಸಂಗೀತದ ಗುರುವಿಗೆ ಒಂದು ಅನುಕೂಲವಿದೆ. ಶಿಷ್ಯ ಎದುರಿಗೆ ಕುಳಿತು ಹಾಡುತ್ತಾನೆ. ಸ್ವರ ತಪ್ಪಿದ ಕೂಡಲೆ ಅದು ಗುರುವಿನ ಕಿವಿಗೆ ಬೀಳುತ್ತದೆ. ಸಂಶೋಧನೆಯ ಅಪಸ್ವರ ಹಾಗೆ ಕೇಳಿಸದು. ಪ್ರಯೋಗಶಾಲೆಯ ಟಿಪ್ಪಣಿ ಪುಸ್ತಕದಲ್ಲಿ ಬರೆಯದೆ ಬಿಟ್ಟ ಅಂಕೆಯನ್ನು ಬಲ್ಲವನು ಬಿಟ್ಟವನೊಬ್ಬನೆ. ಆದುದರಿಂದ, ಅಚ್ಚುಕಟ್ಟಾಗಿ ಬರೆದು ತಂದ ಅಧ್ಯಾಯಕ್ಕೆ ಸಹಿ ಹಾಕುವವನನ್ನು ಮಾರ್ಗದರ್ಶಕನೆನ್ನಲಾಗದು. ಶಿಷ್ಯನ ಕಚ್ಚಾ ಟಿಪ್ಪಣಿಗಳ ಮುಂದೆ ಅವನೂ ಕೂರಬೇಕು.

ಕನ್ನಡ ವಿದ್ವತ್ತಿನಲ್ಲಿ ಇದಕ್ಕೆ ಒಳ್ಳೆಯ ಮಾದರಿಯೇ ಇದೆ. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ಅಚ್ಚಾದದ್ದು 1964ರಲ್ಲಿ. ಆ ಶಾಸ್ತ್ರವನ್ನು ಅರಿತ ಸಂಪಾದಕನು ಹಲವು ಓಲೆಪ್ರತಿಗಳನ್ನು ಹೋಲಿಸಿ ಒಂದು ಪಾಠವನ್ನು ಆರಿಸುತ್ತಾನೆ. ತಾನು ಕೈಬಿಟ್ಟ ಪಾಠಾಂತರಗಳನ್ನು ಪುಟದ ಅಡಿಯಲ್ಲಿ ಕೊಡುತ್ತಾನೆ. ತನ್ನ ನಿರ್ಣಯ ತಪ್ಪೆಂದು ತೋರಿಸಬಲ್ಲ ಸಾಧನವನ್ನು ತಾನೇ ಓದುಗನ ಕೈಗೆ ಕೊಟ್ಟಂತಾಯಿತು. ಸಂಶೋಧಕನ ಧರ್ಮಕ್ಕೆ ಇದಕ್ಕಿಂತ ಸರಳವಾದ ಲಕ್ಷಣವಿಲ್ಲ. ಇದು ನಿಯಮದ ಪುಸ್ತಕದಿಂದ ಬರುವುದಕ್ಕಿಂತ ಗುರುವಿನ ಮೇಜಿನ ಬಳಿ ಕುಳಿತು, ಅವನು ಅಡಿಟಿಪ್ಪಣಿ ಬರೆಯುವುದನ್ನು ಕಂಡು ಬರುವುದೇ ಹೆಚ್ಚು.

ಗುರುವೇ ಬಡ್ತಿಯ ಆಸೆಗೆ ಬಿದ್ದವನಾದರೆ ಏನು ಗತಿ? ಕೇಳಬೇಕಾದ ಮಾತೇ ಸರಿ. ಅಂಕೆಯನ್ನು ಸ್ವಲ್ಪ ಸರಿಮಾಡು ಎಂದು ಗುರುವೇ ಸೂಚಿಸಿದಾಗ, ಪದವಿಗಾಗಿ ಅವನನ್ನೇ ನಂಬಿರುವ ವಿದ್ಯಾರ್ಥಿ ಒಲ್ಲೆನೆನ್ನುವುದು ಹೇಗೆ? ನಿಯಮಗಳು ಬೇಕಾಗುವುದು ಅಲ್ಲಿಯೆ. ಹೊಲಕ್ಕೆ ಬೇಲಿ ಬೇಕು. ಬೇಲಿಯಿಂದಲೇ ಬೆಳೆ ಬರುತ್ತದೆಂದು ಯಾರೂ ತಿಳಿಯರು. ಅಲ್ಲದೆ ಯಂತ್ರವು ಹೋಲಿಕೆಯನ್ನು ಅಳೆಯಬಲ್ಲದು, ಸತ್ಯವನ್ನು ಅಳೆಯಲಾರದು. ಒಂದು ಸಾಲನ್ನೂ ಕದಿಯದೆ ಇಡೀ ಪ್ರಬಂಧವನ್ನು ಸುಳ್ಳಾಗಿ ಬರೆಯಬಹುದು.

ನಿಜವಾದ ಪಾಠ ನಡೆಯುವುದು ಒಂದೆರಡು ಗಳಿಗೆಗಳಲ್ಲಿ. ಮೂರು ವರ್ಷ ದುಡಿದ ವಿದ್ಯಾರ್ಥಿ ಒಂದು ದಿನ ಬಾಗಿಲಲ್ಲಿ ನಿಂತು, "ನಾವು ಎಣಿಸಿದಂತೆ ಬರಲಿಲ್ಲ" ಎನ್ನುತ್ತಾನೆ. ಆಗ ಗುರುವಿನ ಮುಖ ಗಂಟಿಕ್ಕಿದರೆ, ಮುಂದಿನ ಸಲ ಅವನು ಎಣಿಸಿದಂತೆಯೇ ಬರುವ ಹಾಗೆ ನೋಡಿಕೊಳ್ಳುತ್ತಾನೆ. ಗುರುವು ಕುರ್ಚಿಯನ್ನು ಎಳೆದು, "ಕೂತುಕೊ, ಏನು ಬಂತು ನೋಡೋಣ" ಎಂದರೆ, ಆ ಒಂದು ಮಾತಿನಲ್ಲಿ 30 ಗಂಟೆಗಳ ಪಾಠವೂ ಅಡಗಿರುತ್ತದೆ.