ಮುಡಿಪು ಮತ್ತು ಬಳಸದ ಟಿಕೆಟ್
ಬಳಸದೆ ಉಳಿದ ಮನರಂಜನಾ ಪಾರ್ಕಿನ ಟಿಕೆಟ್ಟಿನಲ್ಲಿ ಎರಡು ಸಂಗತಿಗಳು ಒಟ್ಟಿಗಿವೆ: ಒಳಗೆ ಹೋಗುವ ಹಕ್ಕು ಮತ್ತು ಆ ಹಕ್ಕನ್ನು ಹೊತ್ತ ಚೀಟಿ. ಗೇಟಿನಲ್ಲಿ ಕೊಟ್ಟರೆ ಹಕ್ಕು ಸಲ್ಲುತ್ತದೆ, ಚೀಟಿ ಹರಿಯುತ್ತದೆ. ಬೀರುವಿನಲ್ಲಿಟ್ಟರೆ ಚೀಟಿ ಉಳಿಯುತ್ತದೆ, ಅವಧಿ ಮುಗಿದ ದಿನ ಹಕ್ಕು ಇಲ್ಲವಾಗುತ್ತದೆ. ಬಳಸಬೇಕೋ ಇಟ್ಟುಕೊಳ್ಳಬೇಕೋ ಎಂದು ಯೋಚಿಸುವವರು ಸಾಮಾನ್ಯವಾಗಿ ಈ ಎರಡನ್ನೇ ತೂಗಿ ನೋಡುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಟಿಕೆಟ್ ಕೊಂಡದ್ದು ಯಾರಿಗಾಗಿ?

ಇಟ್ಟುಕೊಳ್ಳಲೆಂದೇ ಕೊಂಡ ಟಿಕೆಟ್ಟೂ ಉಂಟು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 1955ರ ಜುಲೈನಲ್ಲಿ ಬಾಗಿಲು ತೆರೆದಾಗ ಸಾರ್ವಜನಿಕರಿಗೆ ಮಾರಿದ ಮೊದಲ ಟಿಕೆಟ್ಟನ್ನು ವಾಲ್ಟ್ ಡಿಸ್ನಿಯವರ ಅಣ್ಣ ರಾಯ್ ಡಿಸ್ನಿ ಒಂದು ಡಾಲರ್ ಕೊಟ್ಟು ಕೊಂಡರು. ಅದು ಸಂಸ್ಥೆಯ ದಾಖಲೆ ಸಂಗ್ರಹ ಸೇರಿತು. ಒಳಗೆ ಹೋಗಲು ಅವರಿಗೆ ಚೀಟಿಯೇ ಬೇಕಿರಲಿಲ್ಲ. ಅದನ್ನು ಬಳಸದೆ ಇಟ್ಟದ್ದರಿಂದ ಯಾರ ಪಾಲೂ ತಪ್ಪಲಿಲ್ಲ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಮನೆಗಳಲ್ಲಿ ಟಿಕೆಟ್ ಉಳಿಯುವ ಬಗೆ ಬೇರೆ. ಈ ಕಡೆಯವರು ದೊಡ್ಡ ಪಾರ್ಕು ನೋಡಬೇಕೆಂದರೆ 2005ರಲ್ಲಿ ಶುರುವಾದ ಬಿಡದಿಯ ವಂಡರ್‌ಲಾಗೆ ಹೋಗಬೇಕು. ಅದು ಮೈಸೂರು ರಸ್ತೆಯಲ್ಲಿದೆ. ಬೆಳಗಿನ ಜಾವ ಹೊರಟು ಇಡೀ ಬೆಂಗಳೂರನ್ನು ದಾಟಬೇಕು. ರೇಷ್ಮೆ ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು ಹಗಲೂ ರಾತ್ರಿ ಸೊಪ್ಪು ತಿನ್ನುವ ವಾರದಲ್ಲಿ ರೇಷ್ಮೆ ಮನೆಯವರು ಕದಲುವಂತಿಲ್ಲ. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೂ ಪ್ರಯಾಣ ಮುಂದಕ್ಕೆ ಹೋಗುತ್ತದೆ. ಮಕ್ಕಳ ಟಿಕೆಟ್ಟಿಗೆ ಮತ್ತೊಂದು ಗಡುವಿದೆ: ಅಲ್ಲಿ ಮಕ್ಕಳ ದರ ನಿಗದಿಯಾಗುವುದು ವಯಸ್ಸಿನಿಂದಲ್ಲ, ಎತ್ತರದಿಂದ. ಚೀಟಿ ಬೀರುವಿನಲ್ಲಿ ಇದ್ದಂತೆಯೇ ಇರುತ್ತದೆ, ಮಗು ಬೆಳೆದುಬಿಡುತ್ತದೆ.

ಇಂಥ ಚೀಟಿಯ ಬಗ್ಗೆ ಯೋಚಿಸಲು ಈ ಭಾಗದವರಿಗೆ ಹೊಸ ಪದ ಬೇಕಿಲ್ಲ. ಮುಡಿಪು ಎಂಬ ಮಾತು ಹಿಂದಿನಿಂದಲೂ ಇದೆ. ಮನೆಯಲ್ಲಿ ಕಷ್ಟ ಬಂದಾಗ ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ದೇವರ ಮುಂದೆ ಇಡುತ್ತಾರೆ. ತಿರುಪತಿಗೆ ಹೋದಾಗ ಅದು ಹುಂಡಿ ಸೇರಬೇಕು. ಅಲ್ಲಿಯವರೆಗೆ ಎಂಥ ಅಡಚಣೆ ಬಂದರೂ ಮುಡಿಪಿನ ಗಂಟು ಬಿಚ್ಚುವುದಿಲ್ಲ. ಹೊರಗಿನವರ ಕಣ್ಣಿಗೆ ಅದು ಕೂಡಿಟ್ಟ ಹಣ, ಮನೆಯವರಿಗೆ ಇನ್ನೂ ತೀರದ ಸಾಲ. ಹಣ ಮನೆಯಲ್ಲೇ ಇದ್ದರೂ ಮನೆಯದಲ್ಲ. ಮಗುವಿಗೆ ಮಾತು ಕೊಟ್ಟು ಕೊಂಡ ಟಿಕೆಟ್ಟೂ ಹೀಗೆಯೇ. ಅದರ ಒಡೆತನ ದುಡ್ಡು ಕೊಟ್ಟವರಿಂದ ಮಾತು ಪಡೆದವರಿಗೆ ಆಗಲೇ ದಾಟಿರುತ್ತದೆ. ಅದನ್ನು ನೆನಪಿಗೆಂದು ಇಟ್ಟುಕೊಳ್ಳುವ ಸ್ವಾತಂತ್ರ್ಯ ದೊಡ್ಡವರಿಗಿಲ್ಲ.

ಮುಡಿಪು ತಡವಾದರೆ ಏನಾಗುತ್ತದೆ ಎಂಬುದನ್ನು 2016 ತೋರಿಸಿತು. ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾದವು. ಬ್ಯಾಂಕಿಗೆ ಕಟ್ಟಲು ಡಿಸೆಂಬರ್ 30ರವರೆಗೆ ಗಡುವಿತ್ತು. ಗಡುವು ದಾಟಿದ ಮೇಲೂ ತಿರುಮಲದ ಹುಂಡಿಗೆ ಹಳೆಯ ನೋಟುಗಳು ಬೀಳುತ್ತಲೇ ಇದ್ದವು. ಹಾಕಿದ ಭಕ್ತರ ಮಟ್ಟಿಗೆ ಹರಕೆ ತೀರಿರಬಹುದು, ಆದರೆ ದೇವಸ್ಥಾನದ ಕೈ ಸೇರಿದ್ದು ಬರೀ ಕಾಗದ. ಮರುವರ್ಷದ ಕಾನೂನು ಇನ್ನೊಂದು ಗಮನಾರ್ಹ ಮಾತು ಸೇರಿಸಿತು: ಯಾರೇ ಆಗಲಿ ಇಂಥ ಹತ್ತು ನೋಟುಗಳನ್ನು, ಅಧ್ಯಯನಕ್ಕೋ ನಾಣ್ಯಸಂಗ್ರಹಕ್ಕೋ ಆದರೆ ಇಪ್ಪತ್ತೈದನ್ನು, ಇಟ್ಟುಕೊಳ್ಳಬಹುದು. ಹಕ್ಕು ಸತ್ತ ಕಾಗದಕ್ಕೂ ಕುರುಹಾಗಿ ಉಳಿಯುವ ಅವಕಾಶವಿದೆ ಎಂದು ಸರ್ಕಾರವೇ ಒಪ್ಪಿದಂತಾಯಿತು. ಅವಧಿ ಮುಗಿದ ಟಿಕೆಟ್ಟಿನ ಸ್ಥಿತಿ ಇದೇ. ಆದರೆ ಅದನ್ನು ಇಟ್ಟುಕೊಂಡ ಮಾತ್ರಕ್ಕೆ ಕೊಟ್ಟ ಮಾತು ತೀರುವುದಿಲ್ಲ. ಹೊಸ ಟಿಕೆಟ್ ಕೊಳ್ಳಬೇಕಾಗುತ್ತದೆ.

ಬಳಸುವುದೇ ಸರಿ, ಇಡುವುದು ತಪ್ಪು ಎಂದು ಹೇಳಿಬಿಡಲೂ ಆಗದು. ಶಿಡ್ಲಘಟ್ಟದ ಮಾರುಕಟ್ಟೆಗೆ ಬಂದ ರೇಷ್ಮೆ ಗೂಡಿನಿಂದ ಚಿಟ್ಟೆ ಹೊರಬರುವ ಮೊದಲೇ ನೂಲು ಬಿಚ್ಚಬೇಕು. ಚಿಟ್ಟೆ ತೂತು ಮಾಡಿದರೆ ಎಳೆ ಕಡಿದು ಗೂಡು ನೂಲಿಗೆ ಬಾರದು. ಬಿತ್ತನೆ ಗೂಡಿನದು ಇದಕ್ಕೆ ತದ್ವಿರುದ್ಧ. ಅಲ್ಲಿ ಚಿಟ್ಟೆ ಹೊರಗೆ ಬಂದು ಮೊಟ್ಟೆ ಇಡಬೇಕು, ನೂಲು ತೆಗೆದರೆ ಮುಂದಿನ ಬೆಳೆಯೇ ಇಲ್ಲ. ನೋಟಕ್ಕೆ ಎರಡೂ ಗೂಡೇ. ಯಾವುದನ್ನು ಏತಕ್ಕೆ ತೆಗೆದಿರಿಸಿದ್ದು ಎಂಬುದರ ಮೇಲೆ ಮಾಡಬೇಕಾದದ್ದು ನಿಲ್ಲುತ್ತದೆ.

ಇಟ್ಟುಕೊಳ್ಳುವುದನ್ನು ಧರ್ಮಗಳು ನೋಡಿದ ಬಗೆಯಲ್ಲೂ ಈ ಸೂಕ್ಷ್ಮವಿದೆ. ಜೈನರ ತತ್ತ್ವಾರ್ಥಸೂತ್ರ ಪರಿಗ್ರಹವನ್ನು ವಸ್ತುವಿನಲ್ಲಿ ಕಾಣದೆ ಅದರ ಮೇಲಿನ ಮೂರ್ಛೆಯಲ್ಲಿ, ಅಂದರೆ ಮೋಹದಲ್ಲಿ, ಕಾಣುತ್ತದೆ. ಭರ್ತೃಹರಿ ಸಂಪತ್ತಿಗೆ ದಾನ, ಭೋಗ, ನಾಶ ಎಂಬ ಮೂರೇ ದಾರಿಗಳನ್ನು ಹೇಳಿದ್ದಾನೆ. ಅವಧಿ ಇನ್ನೂ ಇರುವ ಟಿಕೆಟ್ಟಿಗೆ ಈ ಲೆಕ್ಕ ತೀರ ನಿಖರವಾಗಿ ಹೊಂದುತ್ತದೆ. ಹನ್ನೆರಡನೇ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಮಿಕ್ಕದ್ದನ್ನು ಮರಳಿ ಸುರಿದು ಬರಲು ಹೇಳಿದಳು. ಮಿಕ್ಕದ್ದು ಬೇರೆಯವರ ಪಾಲು ಎಂಬುದು ಅವಳ ನಿಲುವು. ತಾನು ಹೋಗಲಾಗದ ಟಿಕೆಟ್ಟನ್ನು, ನಿಯಮ ಒಪ್ಪುವುದಾದರೆ, ಎದುರು ಮನೆಯ ಮಗುವಿಗೆ ಕೊಡುವುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ.

ಕಠಿಣವಾದ ಪ್ರಸಂಗ ಒಂದೇ: ಟಿಕೆಟ್ ಯಾರಿಗಾಗಿ ಕೊಂಡದ್ದೋ ಅವರೇ ತೀರಿಕೊಂಡಿದ್ದರೆ, ಅಥವಾ ಕರೆದೊಯ್ಯಬೇಕಿದ್ದ ಅಪ್ಪ ಇಲ್ಲವಾಗಿದ್ದರೆ. ಅಪ್ಪನ ಮಾತು ಮಗುವಿಗೆ ಸಂದದ್ದು. ಅವಧಿ ಇದ್ದರೆ ಚಿಕ್ಕಪ್ಪನೋ ಸೋದರಮಾವನೋ ಕರೆದೊಯ್ದು ಅದನ್ನು ನಡೆಸಬಹುದು, ಮುಡಿಪು ಕಟ್ಟಿದವರು ಹೋದ ಮೇಲೆ ಮನೆಯವರು ಅದನ್ನು ಮುಟ್ಟಿಸುವಂತೆ. ಮಗುವೇ ಇಲ್ಲವಾಗಿದ್ದರೆ ಮಾತು ಸಲ್ಲಬೇಕಾದವರೇ ಉಳಿದಿಲ್ಲ. ಆ ಚೀಟಿಯನ್ನು ಇಟ್ಟುಕೊಂಡ ತಾಯಿಯನ್ನು ಮೋಹದ ಹೆಸರಿನಲ್ಲಿ ಆಕ್ಷೇಪಿಸುವುದು ಕ್ರೌರ್ಯ.

ಬಳಸಿಯೂ ಉಳಿಸಿಕೊಳ್ಳುವ ದಾರಿ ಇದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಭಕ್ತರು ಹೊತ್ತ ಹರಕೆ ತೀರಿಸಲು ಪ್ರತಿಷ್ಠಾಪಿಸಿದ ನಾಗರಕಲ್ಲುಗಳು ಸಾಲುಸಾಲಾಗಿ ನಿಂತಿವೆ. ಪುರಾತನ ಅಶ್ವತ್ಥ ಮರ 2001ರಲ್ಲಿ ಉರುಳಿದರೂ ಕಲ್ಲುಗಳು ಇವೆ. ಗೇಟಿನಲ್ಲಿ ಹರಿದುಕೊಟ್ಟ ಅರ್ಧ ಚೀಟಿಯನ್ನು ಮಗು ಪುಸ್ತಕದ ನಡುವೆ ಇಟ್ಟುಕೊಂಡರೆ ಅದೂ ಸಂದ ಮಾತಿನ ಕುರುಹು. ಅದಕ್ಕೊಂದು ಎಚ್ಚರಿಕೆ ಬೇಕು: ಶಾಖದಿಂದ ಅಕ್ಷರ ಮೂಡಿಸುವ ಯಂತ್ರದ ಚೀಟಿಯಾದರೆ ಬಿಸಿಲಿಗೂ ಬಿಸಿಗೂ ಅಕ್ಷರ ಕೆಲವೇ ವರ್ಷಗಳಲ್ಲಿ ಮಾಸುತ್ತದೆ. ಬೇಗನೆ ಜೆರಾಕ್ಸ್ ತೆಗೆಸಿ ಜೊತೆಗಿಟ್ಟರೆ ದಿನಾಂಕವಾದರೂ ಓದಲು ಸಿಗುತ್ತದೆ.