ಎಲೆ ನೋಡುವ ಮುನ್ನ

ಕುರುಬರಹಳ್ಳಿಯ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ತಿಂಗಳಿಗೊಂದು ಶನಿವಾರ ಎಂಟು ಜನ ಪೋಕರ್ ಆಡಲು ಕೂರುತ್ತೇವೆ. ತಲೆಗೆ 200 ರೂಪಾಯಿ. ನನಗೆ ಆಟಕ್ಕಿಂತ ಅದಕ್ಕೆ ಮುಂಚಿನ ಅರ್ಧ ಗಂಟೆಯೇ ಇಷ್ಟ. ಒಬ್ಬನೇ ಚಾಪೆಯ ಮೇಲೆ ಕೂತು ಚಿಪ್ಸ್ ಎಣಿಸುತ್ತೇನೆ: 25ರವು ಎಂಟು, 100ರವು ಎಂಟು, 500ರವು ನಾಲ್ಕು. ಒಬ್ಬೊಬ್ಬರಿಗೆ 3,000ದಂತೆ ಎಂಟು ಸಮನಾದ ಗುಡ್ಡೆಗಳು. ಯಾರ ಸಂಬಳ ಎಷ್ಟು, ಯಾರದ್ದು ಸ್ವಂತ ಮನೆ ಎಂಬುದು ಆ ಗುಡ್ಡೆಗಳಿಗೆ ಗೊತ್ತಿಲ್ಲ.

ಸಮನಾಗಿ ಹಂಚಿದರಷ್ಟೇ ಸಾಲದು. ಒಳ್ಳೆಯ ಎಲೆ ಬರಲೆಂದು ಎಲ್ಲರೂ ಕಾಯುತ್ತ ಕೂತರೆ ಬೆಳಗಾಗಿಬಿಡುತ್ತದೆ. ಅದಕ್ಕೇ ಬ್ಲೈಂಡ್ಸ್. ಪ್ರತಿ ಸಲ ಎಲೆ ಹಂಚುವಾಗ ಡೀಲರ್‌ನ ಎಡಕ್ಕಿರುವ ಇಬ್ಬರು ಎಲೆ ನೋಡುವ ಮುನ್ನವೇ ಚಿಪ್ಸ್ ಕಟ್ಟಬೇಕು. ಎರಡನೆಯವನು ಮೊದಲನೆಯವನ ಎರಡರಷ್ಟು. ಮೂರೆಲೆ ಆಡಿದವರಿಗೆ ‘ಬ್ಲೈಂಡ್’ ಹೊಸ ಮಾತಲ್ಲ. ಅಲ್ಲಿ ಅದು ಧೈರ್ಯ, ಇಲ್ಲಿ ಕಂದಾಯ. ನಾವು 25–50ರಿಂದ ಶುರು ಮಾಡಿ ಇಪ್ಪತ್ತು ನಿಮಿಷಕ್ಕೊಮ್ಮೆ ಏರಿಸುತ್ತೇವೆ: 50–100, 75–150, 100–200, ಹೀಗೆ. ಮೇಜಿನ ಮೇಲಿರುವುದು ಒಟ್ಟು 24,000. ದೊಡ್ಡ ಬ್ಲೈಂಡ್ ಅದರ ಇಪ್ಪತ್ತರಲ್ಲೊಂದು ಪಾಲು, ಅಂದರೆ 1,200 ಮುಟ್ಟುವ ಹೊತ್ತಿಗೆ ಸಾಮಾನ್ಯವಾಗಿ ಆಟ ಮುಗಿಯುತ್ತದೆ. ಸುಮಾರು ಮೂರು ಗಂಟೆ.

ಈ ಕಂದಾಯ ಎಲ್ಲರಿಗೂ ಒಂದೇ, ಆದರೆ ಅದರ ಭಾರ ಒಂದೇ ಅಲ್ಲ. 100–200ರ ಹಂತದಲ್ಲಿ ಒಂದು ಪೂರ್ತಿ ಸುತ್ತಿಗೆ ತಲಾ 300 ಹೋಗುತ್ತದೆ. 9,000 ಇಟ್ಟುಕೊಂಡವನು ಮೂವತ್ತು ಸುತ್ತು ಕಾಯಬಲ್ಲ. 900 ಉಳಿದವನು ಮೂರೇ ಸುತ್ತು. ತಾಳಿದವನು ಬಾಳಿಯಾನು ಅನ್ನುತ್ತೇವಲ್ಲ, ತಾಳುವುದಕ್ಕೂ ಕೈಯಲ್ಲಿ ಬಂಡವಾಳ ಬೇಕು. ಇದು ಅನ್ಯಾಯವೇ? ಅಲ್ಲವೆಂದೇ ನನ್ನ ಅನಿಸಿಕೆ. ಎಷ್ಟು ಹೊತ್ತಿಗೆ ಎಷ್ಟು ಏರುತ್ತದೆಂದು ಕೂರುವ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಅನ್ಯಾಯ ಬೇರೆ ಕಡೆಯಿಂದ ಬಂತು, ಅದೂ ನನ್ನ ಕೈಯಿಂದಲೇ.

ಅಂದು ಜೋರು ಮಳೆ. ಹಳೆಯ ಗೆಳೆಯನೊಬ್ಬ ಕೆಂಗೇರಿಯಿಂದ ನೆನೆದುಕೊಂಡೇ ಬಂದಿದ್ದ. ಇಪ್ಪತ್ತೈದೇ ನಿಮಿಷಕ್ಕೆ ಎಲ್ಲ ಕಳೆದುಕೊಂಡ. ಜೇಬಿನಿಂದ ಇನ್ನೊಂದು 200ರ ನೋಟು ತೆಗೆದಿಟ್ಟು, “ಇನ್ನೊಂದ್ಸಲ ಕೊಡು ಗುರು, ಅಷ್ಟು ದೂರದಿಂದ ಬಂದಿದೀನಿ” ಅಂದ. ಇದಕ್ಕೆ ‘ರೀಬೈ’ ಅನ್ನುತ್ತಾರೆ. ನಮ್ಮಲ್ಲಿ ಆ ನಿಯಮವಿರಲಿಲ್ಲ. ಪಾಪ ಅನ್ನಿಸಿ 3,000 ಎಣಿಸಿ ಕೊಟ್ಟೆ. ಯಾರೂ ತಕರಾರು ಮಾಡಲಿಲ್ಲ.

ಮುಕ್ಕಾಲು ಗಂಟೆಯ ನಂತರ ಕೆಳಮನೆಯ ಹುಡುಗ ಸೋತ. ಅವನಿಗೆ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಎಲ್ಲರೂ ಅವನತ್ತ ನೋಡಿದರು. “ನೀನೂ ತಗೋತೀಯಾ?” ಅಂದೆ. “ಬೇಡ ಅಣ್ಣ, ಸಾಕು. ಗಾಡಿ ಮಳೇಲಿ ನಿಂತಿದೆ, ನೋಡ್ಕೊಂಡು ಬರ್ತೀನಿ” ಅಂತ ಎದ್ದು ಹೋದವನು ಮತ್ತೆ ಮೇಲೆ ಬರಲಿಲ್ಲ. ಸೋತದ್ದು ಅವನಿಗೆ ನೋವಾಗಿರಲಿಕ್ಕಿಲ್ಲ; ಸೋತವರಲ್ಲಿ ಎರಡು ಜಾತಿ ಇದೆಯೆಂದು ನಾನು ಎಲ್ಲರೆದುರು ತೋರಿಸಿದೆನಲ್ಲ, ಅದು ನೋವು. ಆ ಎರಡನೇ 3,000ದೊಂದಿಗೆ ಹೊರಗಿನ ಲೋಕ ನಮ್ಮ ಮೇಜಿನ ಮೇಲೆ ಬಂದು ಕೂತಿತ್ತು.

ಮಹಾಭಾರತದ ಸಭೆಯಲ್ಲಿ ದ್ರೌಪದಿ ಕೇಳುವುದೂ ಒಂದು ನಿಯಮದ ಪ್ರಶ್ನೆಯೇ: ಧರ್ಮರಾಯ ಮೊದಲು ತನ್ನನ್ನು ಸೋತನೋ, ನನ್ನನ್ನೋ? ತನ್ನನ್ನೇ ಸೋತವನಿಗೆ ಪಣಕ್ಕಿಡುವ ಹಕ್ಕೆಲ್ಲಿ? ಭೀಷ್ಮ ಧರ್ಮ ಸೂಕ್ಷ್ಮವೆಂದು ಜಾರಿಕೊಳ್ಳುತ್ತಾನೆ. ಆಮೇಲೆ ಧೃತರಾಷ್ಟ್ರ ಸೋತದ್ದನ್ನೆಲ್ಲ ಹಿಂದಿರುಗಿಸುತ್ತಾನೆ. ಮಗನ ಮಾತು ಕೇಳಿ ಮತ್ತೆ ಆಟಕ್ಕೆ ಕರೆಸುತ್ತಾನೆ. ಆ ಅನುದ್ಯೂತದಿಂದಲೇ ವನವಾಸ. ಶಕುನಿಯ ದಾಳಗಳ ಬಗ್ಗೆ ನಾವು ಬೇಕಾದಷ್ಟು ಮಾತಾಡುತ್ತೇವೆ. ಆಟ ನಡೆದಿರುವಾಗಲೇ ಒಮ್ಮೆ ಕರುಣೆಯಿಂದ, ಒಮ್ಮೆ ಮೋಹದಿಂದ ಫಲಿತಾಂಶ ಬದಲಿಸುವ ಮನೆಯ ಯಜಮಾನನ ಬಗ್ಗೆ ಅಷ್ಟು ಮಾತಾಡುವುದಿಲ್ಲ. ಅಂದು ರಾತ್ರಿ ನಾನೂ ಅಂಥ ಯಜಮಾನನೇ ಆಗಿದ್ದೆ.

ಅಮೆರಿಕದ ತತ್ತ್ವಜ್ಞಾನಿ ಜಾನ್ ರಾಲ್ಸ್ 1971ರ ‘ಎ ಥಿಯರಿ ಆಫ್ ಜಸ್ಟಿಸ್’ ಗ್ರಂಥದಲ್ಲಿ ಹೇಳುವುದು ಹೆಚ್ಚುಕಡಿಮೆ ಇದನ್ನೇ: ಸಮಾಜದಲ್ಲಿ ತನ್ನ ಸ್ಥಾನ ಯಾವುದೆಂದು ತಿಳಿಯದ ಅಜ್ಞಾನದ ಪರದೆಯ ಹಿಂದೆ ನಿಂತು ಜನ ಒಪ್ಪುವ ನಿಯಮಗಳೇ ನ್ಯಾಯದವು. ನಮ್ಮ ಇಸ್ಪೀಟಿನ ಭಾಷೆಯಲ್ಲಿ ಹೇಳುವುದಾದರೆ, ನಿಯಮವನ್ನೂ ಬ್ಲೈಂಡ್ ಆಗಿಯೇ ಕಟ್ಟಬೇಕು. ಎಲೆ ನೋಡಿದ ಮೇಲೆ ಮಾಡಿದ ನಿಯಮ, ಎಷ್ಟೇ ಕರುಣೆಯದಾದರೂ, ಯಾರೋ ಒಬ್ಬರ ಪರವಾಗಿರುತ್ತದೆ.

ಹಾಗಾದರೆ ಕರುಣೆಗೆ ಜಾಗವೇ ಇಲ್ಲವೇ? ಇದೆ, ಆಟ ಶುರುವಾಗುವ ಮುಂಚಿನ ಆ ಅರ್ಧ ಗಂಟೆಯಲ್ಲಿ. ಮುಂದಿನ ತಿಂಗಳು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿದೆ: ರೀಬೈ ಇಲ್ಲ. ಮೊದಲ ಮೂರು ಹಂತ ಮೂವತ್ತು ನಿಮಿಷದವು, ದೂರದಿಂದ ಬಂದವರಿಗೆ ಇನ್ನಷ್ಟು ಹೊತ್ತು ಸಿಗಲೆಂದು. ಬೇಗ ಸೋತವರಿಗೆ ಮೂಲೆಯಲ್ಲಿ ಕೇರಂ ಬೋರ್ಡು. ಕೆಂಗೇರಿಯ ಗೆಳೆಯ ಹಾಳೆ ಓದಿ, “ಏನ್ ಗುರು, ಇಷ್ಟೊಂದು ಸ್ಟ್ರಿಕ್ಟು?” ಅಂತ ನಕ್ಕ.

ಕೆಳಮನೆಗೆ ಹೋಗಿ ಕರೆದೆ. “ಇವತ್ತು ಎರಡನೇ ಸಲ ಯಾರಿಗೂ ಇಲ್ಲ” ಅಂದೆ. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, “ಬಂದೆ, ನಡೀರಿ ಅಣ್ಣ” ಅಂದ. ನಾನು ಮೇಲೆ ಬಂದು ಎಂಟನೇ ಗುಡ್ಡೆ ಎಣಿಸತೊಡಗಿದೆ.