ಎತ್ತಿಗೆ ಜ್ವರ, ಎಮ್ಮೆಗೆ ಬರೆ



ಸೌದಿ ಅರೇಬಿಯಾದಲ್ಲಿ ದುಡಿಯುತ್ತಿರುವ ನಮ್ಮಲ್ಲಿ ಹಲವರ ಊರಿನ ಮನೆಯ ಜಗುಲಿಯಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ ಗೋಣಿ ಹೊದ್ದುಕೊಂಡ ಒಂದು ಹಳೆಯ ಮೋಟಾರ್ ಸೈಕಲ್ ನಿಂತಿರುತ್ತದೆ. ಮಾರಲು ಮನಸ್ಸಿಲ್ಲ, ಇಲ್ಲಿಗೆ ತರುವಂತಿಲ್ಲ. ಹಳೆ ಮೈಸೂರಿನ ಕಡೆಯವರಾದರೆ ಅದು ಜಾವಾ ಅಥವಾ ಯೆಜ್ಡಿ ಆಗಿರುವುದೂ ಉಂಟು. ಜೆಕ್ ದೇಶದ ಜಾವಾ ಗಾಡಿಯನ್ನು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ತಯಾರಿಸಲು ಆರಂಭಿಸಿತು. ಮುಂದೆ ಅದೇ ಯೆಜ್ಡಿ ಎಂಬ ಹೆಸರು ಪಡೆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ಅದು ಕೊಟ್ಟ ಗಾಡಿಗಳು ಇಂದಿಗೂ ಓಡುತ್ತಿವೆ, ಆಗಾಗ ಕೆಡುತ್ತಲೂ ಇವೆ.

ಗಾಡಿ ಕೆಟ್ಟಾಗ ಮನೆಯಲ್ಲಿ ಹುಟ್ಟುವ ಮೊದಲ ಪ್ರಶ್ನೆ "ಏನು ಕೆಟ್ಟಿದೆ?" ಎಂಬುದಲ್ಲ, "ಯಾರು ಕೆಡಿಸಿದರು?" ಎಂಬುದು. ಕಾರಣ ತಿಳಿಯುವ ಮೊದಲೇ ತಪ್ಪಿತಸ್ಥನನ್ನು ಹೆಸರಿಸುವುದು ನ್ಯಾಯವೇ? ಈ ಚಿಕ್ಕ ಪ್ರಶ್ನೆಯನ್ನು ಗಾಡಿಯ ಕ್ಲಚ್ಚನ್ನೇ ಉದಾಹರಣೆಯಾಗಿಟ್ಟುಕೊಂಡು ವಿಚಾರ ಮಾಡೋಣ.

ಕ್ಲಚ್ಚಿನ ಕೆಲಸ ಸರಳ. ಎಂಜಿನ್ನಿನ ಶಕ್ತಿಯನ್ನು ಗೇರ್ ಬಾಕ್ಸಿಗೆ ಕೂಡಿಸುವುದು, ಬೇಕಾದಾಗ ಬಿಡಿಸುವುದು. ಹಾಗಾಗಿ ಅದರ ರೋಗವೂ ಎರಡೇ ಬಗೆ. ಕೂಡಬೇಕಾದಾಗ ಸರಿಯಾಗಿ ಕೂಡದಿದ್ದರೆ ಜಾರುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ತಿರುಗಿಸಿದರೆ ಎಂಜಿನ್ನಿನ ಕೂಗು ಏರುತ್ತದೆ, ವೇಗ ಏರುವುದಿಲ್ಲ. ಬಿಡಬೇಕಾದಾಗ ಬಿಡದಿದ್ದರೆ ಗಾಡಿಯನ್ನು ಎಳೆಯುತ್ತದೆ. ಮೊದಲನೆಯ ಗೇರಿಗೆ ಹಾಕಿದ ಕೂಡಲೇ ಗಾಡಿ ಮುಂದಕ್ಕೆ ಜಿಗಿಯುತ್ತದೆ, ನಿಂತಾಗ ನ್ಯೂಟ್ರಲ್ ಸಿಗುವುದಿಲ್ಲ.

ಜಾರುವ ಕ್ಲಚ್ ಕಂಡೊಡನೆ ಸಾಮಾನ್ಯವಾಗಿ ಬರುವ ತೀರ್ಪು: "ಪ್ಲೇಟು ಸುಟ್ಟಿದೆ, ತಮ್ಮ ಹಾಫ್ ಕ್ಲಚ್ಚಿನಲ್ಲಿ ಓಡಿಸಿ ಹಾಳು ಮಾಡಿದ." ಇರಬಹುದು. ಆದರೆ ಕೈಯ ಲಿವರಿನಲ್ಲಿ 2-3 ಮಿ.ಮೀ. ಸಡಿಲ ಇದೆಯೇ ಎಂದು ಮೊದಲು ನೋಡಬೇಕು. ಕೇಬಲನ್ನು ಪೂರ್ತಿ ಬಿಗಿದಿದ್ದರೆ ಯಾರೂ ಕೈ ಹಾಕದಿದ್ದರೂ ಕ್ಲಚ್ಚನ್ನು ಸದಾ ಅರ್ಧ ಹಿಡಿದಂತೆಯೇ ಆಗುತ್ತದೆ. ಆಮೇಲೆ ಗೇರ್ ಬಾಕ್ಸಿನ ಎಣ್ಣೆ. ಅಲ್ಲಿ ಕಾರಿನ ಎಂಜಿನ್ನಿಗೆಂದು ಮಾಡಿದ, ಹೆಚ್ಚು ನುಣುಪಿನ ಎಣ್ಣೆ ಹಾಕಿದ್ದರೆ ಒಳ್ಳೆಯ ಪ್ಲೇಟೂ ಜಾರಬಹುದು. ಇವೆರಡೂ ಸರಿಯಿದ್ದರೆ ಮಾತ್ರ ಕವರ್ ಬಿಚ್ಚಿ ಸ್ಪ್ರಿಂಗು, ಪ್ಲೇಟು ನೋಡುವ ಸರದಿ. ಹೊರಗಿನಿಂದ ಒಳಕ್ಕೆ, ಅಗ್ಗದ್ದರಿಂದ ದುಬಾರಿಯದಕ್ಕೆ ಹೋಗುವುದು ಒಳ್ಳೆಯ ಮೆಕ್ಯಾನಿಕ್ಕಿನ ಕ್ರಮ.

ಬಿಡದ ಕ್ಲಚ್ಚಿನ ಕಥೆ ಇನ್ನೊಂದು. ಕರಾವಳಿಯ ಎರಡು ಮಳೆಗಾಲ ಕಂಡು ನಿಂತಲ್ಲೇ ನಿಂತ ಗಾಡಿಯಲ್ಲಿ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎಂಜಿನ್ ಆರಿಸಿ, ಗೇರಿನಲ್ಲಿಟ್ಟು, ಕ್ಲಚ್ ಹಿಡಿದು ಗಾಡಿಯನ್ನು ಹಿಂದಕ್ಕೆ ಮುಂದಕ್ಕೆ ತಳ್ಳಿದರೆ ಕೆಲವೊಮ್ಮೆ ಬಿಚ್ಚದೆಯೇ ಬಿಡಿಸಿಕೊಳ್ಳುತ್ತವೆ. ಇಲ್ಲಿ ಗಾಡಿಯನ್ನು ಕೆಡಿಸಿದ್ದು ಯಾರೂ ಓಡಿಸದೆ ಇದ್ದದ್ದು. "ನಾನಿಲ್ಲದಾಗ ಯಾರೂ ಮುಟ್ಟಬೇಡಿ" ಎಂದು ಹೇಳಿ ವಿಮಾನ ಹತ್ತಿದವನ ಮಾತನ್ನು ಮನೆಯವರು ಚಾಚೂ ತಪ್ಪದೆ ಪಾಲಿಸಿದ್ದಕ್ಕೆ ಬಂದ ಫಲ ಅದು!

ಬಿಡದ ಕ್ಲಚ್ಚನ್ನು ಸರಿಮಾಡುತ್ತೇನೆಂದು ಕೇಬಲನ್ನು ಮಿತಿಮೀರಿ ಬಿಗಿದರೆ ಎಳೆತ ನಿಂತು ಜಾರುವಿಕೆ ಶುರುವಾಗುತ್ತದೆ. ಒಂದು ತೊಂದರೆಯ ಅವಸರದ ಪರಿಹಾರ ಎರಡನೆಯ ತೊಂದರೆಯ ಕಾರಣವಾಗುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಹಳೆಯ ಜಾವಾದಲ್ಲಿ ಒಂದು ವಿಶೇಷವಿದೆ. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಕಾಲಿನಿಂದ ಗೇರ್ ಒತ್ತಿದಾಗ ಕ್ಲಚ್ ತಾನಾಗಿಯೇ ಬಿಡಿಸಿಕೊಳ್ಳುವ ವ್ಯವಸ್ಥೆಯೂ ಉಂಟು. ಹೀಗೆ ಒಂದೇ ಕ್ಲಚ್ಚಿಗೆ ಕೈಯ ದಾರಿ, ಕಾಲಿನ ದಾರಿ ಎಂದು ಎರಡು ದಾರಿ. ಕಾಲಿನಿಂದ ಬಿಡುವ ಕ್ಲಚ್ ಕೈಯಿಂದ ಬಿಡದಿದ್ದರೆ ಸಂಶಯ ಪ್ಲೇಟಿನ ಮೇಲಲ್ಲ, ಮೊದಲು ಕೇಬಲ್ಲಿನ ಮೇಲೆ ಬೀಳಬೇಕು. ಒಬ್ಬನೇ ಸಾಕ್ಷಿಯ ಮಾತು ಕೇಳಿ ತೀರ್ಪು ಕೊಡುವುದಕ್ಕೂ ಇಬ್ಬರನ್ನು ಕೇಳಿ ಕೊಡುವುದಕ್ಕೂ ಇರುವ ಅಂತರ ಇದೇ.

ಇನ್ನು ಹೊಗೆ. ನಮ್ಮ ತರ್ಕಶಾಸ್ತ್ರದ ಹಳೆಯ ಉದಾಹರಣೆ ಎಲ್ಲರಿಗೂ ಗೊತ್ತು: ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂಬ ಅನುಮಾನ. ಆದರೆ ಅದೇ ನ್ಯಾಯದರ್ಶನ ಕೆಟ್ಟ ಹೇತುಗಳನ್ನೂ ಎಣಿಸಿ ಹೇಳಿದೆ. ಒಂದಕ್ಕಿಂತ ಹೆಚ್ಚು ತೀರ್ಮಾನಗಳಿಗೆ ಹೊಂದುವ ಹೇತುವಿಗೆ 'ಸವ್ಯಭಿಚಾರ' ಎಂದು ಹೆಸರು. ಅದರಿಂದ ಏನೂ ಸಿದ್ಧವಾಗುವುದಿಲ್ಲ. ಜಾವಾದ ಎರಡು ಸೈಲೆನ್ಸರುಗಳಿಂದ ದಟ್ಟ ಹೊಗೆ ಬಂದರೆ ನೋಡಿದವರು "ಪಿಸ್ಟನ್ ರಿಂಗ್ ಹೋಗಿದೆ" ಎನ್ನುತ್ತಾರೆ. ಅದು ಫೋರ್ ಸ್ಟ್ರೋಕ್ ಗಾಡಿ ನೋಡಿ ಕಲಿತ ಪಾಠ. ಜಾವಾ ಟೂ ಸ್ಟ್ರೋಕ್. ಪೆಟ್ರೋಲಿಗೆ ಎಣ್ಣೆ ಹೆಚ್ಚು ಬೆರೆಸಿದರೂ ಹೊಗೆ ಬರುತ್ತದೆ. ಕ್ಲಚ್ ಬದಿಯ ಕ್ರ್ಯಾಂಕ್ ಆಯಿಲ್ ಸೀಲ್ ಒಣಗಿ ಬಿರಿದು, ಎಂಜಿನ್ ಗೇರ್ ಬಾಕ್ಸಿನ ಎಣ್ಣೆಯನ್ನೇ ಹೀರಿ ಸುಡುತ್ತಿದ್ದರೂ ಬರುತ್ತದೆ. ಗೇರ್ ಬಾಕ್ಸಿನಲ್ಲಿ ಎಣ್ಣೆಯ ಮಟ್ಟ ದಿನದಿನಕ್ಕೆ ಇಳಿಯುತ್ತಿದೆಯೇ ಎಂದು ನೋಡಿದರೆ ಇವೆರಡರಲ್ಲಿ ಯಾವುದೆಂದು ತಿಳಿಯುತ್ತದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕಿಲ್ಲ.

ಹಿಂದಿನ ಚೈನೂ ಹೀಗೆಯೇ. 'ಕಟಕಟ' ಶಬ್ದ ಕೇಳಿ ಗೇರ್ ಬಾಕ್ಸ್ ಹೋಯಿತೆಂದು ಹೆದರುವ ಮೊದಲು ಚಕ್ರ ತಿರುಗಿಸುತ್ತಾ ಚೈನಿನ ಸಡಿಲವನ್ನು ನಾಲ್ಕಾರು ಕಡೆ ಅಳೆಯಬೇಕು. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಇದ್ದರೆ ಚೈನು ಅಸಮವಾಗಿ ಸವೆದಿದೆ. ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಹೊಸ ಚೈನು ಹಾಕಿಯೂ ಪ್ರಯೋಜನವಿಲ್ಲ. ಹಳೆಯ ಹಲ್ಲು ಹೊಸ ಚೈನನ್ನು ಬೇಗ ತಿಂದುಹಾಕುತ್ತದೆ.

ನಮ್ಮ ಸದಸ್ಯರಲ್ಲಿ ಜುಬೈಲ್, ಯಾನ್ಬುಗಳ ಕಾರ್ಖಾನೆಗಳಲ್ಲಿ ಮೆಂಟೆನೆನ್ಸ್ ಕೆಲಸ ಮಾಡುವವರಿಗೆ ಇದೆಲ್ಲ ಹೊಸದಲ್ಲ. ಪಂಪಿನ ಬೇರಿಂಗ್ ಪದೇ ಪದೇ ಹೋಗುತ್ತಿದ್ದರೆ ಬೇರಿಂಗನ್ನಷ್ಟೇ ಬದಲಿಸಿ ಕೈತೊಳೆದುಕೊಳ್ಳುವಂತಿಲ್ಲ. ಮೋಟಾರು ಮತ್ತು ಪಂಪು ಒಂದೇ ನೇರದಲ್ಲಿವೆಯೇ ಎಂದು ನೋಡಬೇಕು. ತೊಂದರೆ ಕಾಣಿಸಿಕೊಂಡ ಜಾಗ ಬೇರೆ, ಹುಟ್ಟಿದ ಜಾಗ ಬೇರೆ. ಹಗಲು ಪಂಪಿಗೆ ಕೊಡುವ ಈ ತಾಳ್ಮೆಯನ್ನು ಸಂಜೆ ಮನೆಯ ಮಕ್ಕಳಿಗೆ, ಊರಿನ ತಮ್ಮನಿಗೆ ಕೊಡುತ್ತೇವೆಯೇ ಎಂಬುದು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕಾದ ಮಾತು.

ಏಕೆಂದರೆ ಹೊರನಾಡಿನಲ್ಲಿರುವವರಿಗೆ ಇಲ್ಲಿ ಒಂದು ವಿಶೇಷ ಅಪಾಯವಿದೆ. ಊರಿನ ವಿಷಯ ಕಿವಿಗೆ ಬೀಳುವುದು ಫೋನಿನಲ್ಲಿ, ಅದೂ ರಜೆಯ ದಿನದ ಅರ್ಧ ಗಂಟೆ. ಕೈಯಿಂದ ಮುಟ್ಟಿ ನೋಡುವಂತಿಲ್ಲ. ಆದರೆ ಹಣ ಕಳಿಸುವವರಿಗೆ ತೀರ್ಪು ಕೊಡುವ ಅಧಿಕಾರ ಮಾತ್ರ ತಾನಾಗಿಯೇ ಬಂದುಬಿಡುತ್ತದೆ. ಊರಿನಲ್ಲಿರುವವನಿಗೆ ಸತ್ಯ ಗೊತ್ತಿದ್ದರೂ, ಹಣದ ಋಣದಲ್ಲಿರುವ ಕಾರಣ ಅವನು ಬಾಯಿ ತೆರೆಯುವುದಿಲ್ಲ. ಗಾಡಿಯಷ್ಟೇ ಅಲ್ಲ, ಜಮೀನಿನ ಫಸಲು, ಮನೆ ಕಟ್ಟಿಸಿದ ಲೆಕ್ಕ, ಅಮ್ಮನ ಆರೋಗ್ಯ, ಎಲ್ಲದರಲ್ಲೂ ಇದೇ ಆಗುತ್ತದೆ. ಕೇಬಲನ್ನು ಹತ್ತು ನಿಮಿಷದಲ್ಲಿ ಸರಿಮಾಡಬಹುದು. ಫೋನಿನಲ್ಲಿ ಆಡಿದ ಮಾತು ಮುಂದಿನ ರಜೆಯವರೆಗೆ ಆ ಮನೆಯಲ್ಲಿಯೇ ಉಳಿಯುತ್ತದೆ.

ಹಾಗಾದರೆ ಯಾರದೂ ತಪ್ಪೇ ಇಲ್ಲವೇ? ಎಲ್ಲವನ್ನೂ ಕ್ಷಮಿಸಿಬಿಡಬೇಕೇ? ಹಾಗಲ್ಲ. ಸುಟ್ಟ ಪ್ಲೇಟು ಸುಟ್ಟದ್ದೇ, ಅದನ್ನು ತೆಗೆದುಹಾಕಬೇಕು. ದಾಕ್ಷಿಣ್ಯಕ್ಕೆ ಉಳಿಸಿಕೊಂಡರೆ ಘಾಟಿಯ ನಡುವೆ ಕೈಕೊಡುತ್ತದೆ. ಹಾಫ್ ಕ್ಲಚ್ಚಿನ ಚಾಳಿ ಇದ್ದವನಿಗೆ ತಿಳಿಹೇಳುವುದೂ ಕರ್ತವ್ಯವೇ. ಆದರೆ ಅಲ್ಲಿಯೂ ಒಂದು ಎಚ್ಚರ ಬೇಕು. ಬಿಚ್ಚಿದಾಗ ಉಕ್ಕಿನ ಪ್ಲೇಟು ನೀಲಿಗಟ್ಟಿದ್ದರೆ ಅದು ವಿಪರೀತ ಬಿಸಿಯಾಗಿತ್ತು ಎಂದರ್ಥ. ಓಡಿಸಿದವನ ಕೈಯಿಂದಲೂ ಹಾಗಾಗಬಹುದು, ಬಿಗಿದ ಕೇಬಲ್ಲಿನಿಂದಲೂ ಆಗಬಹುದು. ನೀಲಿ ಬಣ್ಣ ಬಿಸಿಯಾದದ್ದನ್ನು ಹೇಳುತ್ತದೆ, ಬಿಸಿ ಮಾಡಿದವರ ಹೆಸರು ಹೇಳುವುದಿಲ್ಲ. ಆ ಹೆಸರು ಹೇಳಬೇಕಾದರೆ ಇನ್ನೊಂದು ಪರೀಕ್ಷೆ ಮಾಡಲೇಬೇಕು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದರಿಂದ ಆಗುವ ಅನ್ಯಾಯ ಎಮ್ಮೆಗೆ ಮಾತ್ರವಲ್ಲ. ಜ್ವರ ಎತ್ತಿನಲ್ಲಿಯೇ ಉಳಿಯುತ್ತದೆ. ತಪ್ಪು ಹೆಸರು ಸಿಕ್ಕಿದ ಕೂಡಲೇ ಹುಡುಕಾಟ ನಿಲ್ಲುತ್ತದೆ, ನಿಜವಾದ ಕಾರಣ ನೆಮ್ಮದಿಯಾಗಿ ಮುಂದುವರಿಯುತ್ತದೆ. ಆದ್ದರಿಂದ ನ್ಯಾಯವಾಗಿ ನಡೆಯುವುದೂ ಗಾಡಿ ಸರಿಯಾಗುವುದೂ ಇಲ್ಲಿ ಒಂದೇ ದಾರಿ. ಯಾರ ಮೇಲಾದರೂ ಬೆರಳು ತೋರಿಸುವ ಮೊದಲು "ಏನೇನು ಪರೀಕ್ಷಿಸಿ ನೋಡಿದಿರಿ?" ಎಂದು ಕೇಳುವ ಪದ್ಧತಿಯನ್ನು ನಮ್ಮ ಮನೆಗಳಲ್ಲಿ ಬೆಳೆಸಿಕೊಳ್ಳೋಣ. ನಮ್ಮ ಮಕ್ಕಳಿಗೂ ಇದನ್ನೇ ಕಲಿಸೋಣ.